ಯಾವಾಗಲೋ ಬಂದುಹೋದ ಕಾಮಾಲೆ

ಸೂಜಿ ಇನ್ನೂ ತೋಳಿನ ಹತ್ತಿರವೂ ಬಂದಿರಲಿಲ್ಲ, ಅಷ್ಟರಲ್ಲೇ ಯಲ್ಲೇಶ ಕಣ್ಣು ಮುಚ್ಚಿಕೊಂಡ, ಮೂವತ್ತೊಂದು ವರ್ಷದ ಗಂಡಸು, ಐದು ವರ್ಷದ ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಾಳೆ — ಸ್ನೇಹಲ್ ತನ್ನದು ಮುಗಿಸಿಕೊಂಡು ಈಗ ಅಪ್ಪನಿಗೆ ಧೈರ್ಯ ಹೇಳುತ್ತಿದ್ದಾಳೆ, ಇರುವೆ ಕಚ್ಚಿದಂಗ ಅಷ್ಟ, ಪಪ್ಪಾ — ಜಯಮಾಲಾಗೆ ನಗು ಬಂತು, ಮಗನಿಗೂ ಮೊಮ್ಮಗಳಿಗೂ ಒಂದೇ ದಿನ ಕಾಮಾಲೆಯ ಲಸಿಕೆ, ಆರು ತಿಂಗಳಿಗೆ ಇನ್ನೊಂದು, ತನಗೆ ಮಾತ್ರ ಇಲ್ಲ. ಬೈರಿದೇವರಕೊಪ್ಪದ ತಮ್ಮ ಓಣಿಯ ನಳದಲ್ಲಿ ಗಟಾರದ ನೀರು ಸೇರಿ ಎದುರು ಮನೆಯ ಇಬ್ಬರು ಆಸ್ಪತ್ರೆಗೆ ಬಿದ್ದ ಮೇಲೆ, ಎಲ್ಲರೂ ಹಾಕಿಸಿಕೊಳ್ಳಲೇಬೇಕು ಎಂದು ಹಟ ಹಿಡಿದವಳು ಅವಳೇ, ಆದರೆ ಡಾಕ್ಟರು, ನಿಮ್ಮ ವಯಸ್ಸಿನವರದು ಮೊದಲ ರಕ್ತ ನೋಡೂಣ್ರಿ ಎಂದಿದ್ದರು, ನೋಡಿದರು, ಇವತ್ತು ಚೀಟಿ ಕೈಗೆ ಕೊಟ್ಟು ಹೇಳಿದರು, ನಿಮಗ ಲಸಿಕಿ ಬ್ಯಾಡ್ರಿ ಅಕ್ಕಾರ, ನಿಮಗ ಕಾಮಣಿ ಯಾವಾಗೋ ಬಂದು ಹೋಗೇತಿ.

ಯಾವಾಗ? ಐವತ್ತಾರು ವರ್ಷದಲ್ಲಿ ಒಂದು ದಿನವೂ ಅವಳ ಕಣ್ಣು ಹಳದಿಯಾಗಿಲ್ಲ, ಕಾಮಾಲೆ ಬಂದದ್ದು ಅಣ್ಣ ಶಶಿಕುಮಾರನಿಗೆ, ಉಪ್ಪಿನಬೆಟಗೇರಿಯಲ್ಲಿ, ಅವನು ಏಳನೇ ಇಯತ್ತೆ, ಪರೀಕ್ಷೆಗೆ ಕೂರಲಾಗದೆ ಒಂದು ವರ್ಷ ಹೋಯಿತು, ಆ ವರ್ಷದ ಮಾತನ್ನು ಅವನು ಈಗಲೂ ಆಡುತ್ತಾನೆ — ಅವಳು ಆಗ ಸ್ನೇಹಲ್‌ನಷ್ಟು, ಅವಳಿಗೆ ಏನೂ ಆಗಲಿಲ್ಲ, ಆಗಲಿಲ್ಲವೇ? ಸಣ್ಣ ಹುಡುಗರಿಗೆ ಬಂದ್ರ ಗೊತ್ತ ಆಗೂದಿಲ್ರಿ, ಡಾಕ್ಟರು ಮುಂದಿನ ಮಗುವಿನ ತೋಳು ಒರೆಸುತ್ತಲೇ ಹೇಳಿದರು, ಎರಡ ದಿನ ಜ್ವರ, ವಾಂತಿ, ಮುಗೀತು, ಆದ್ರ ಮನ್ಯಾಗ ದೊಡ್ಡವರಿಗೆ ಹಚ್ತಾವ. ವಾಂತಿ. ಶಿವರಾತ್ರಿಯ ಗೆಣಸು. ಅವ್ವ ಸಾಯುವತನಕ ಹೇಳುತ್ತಿದ್ದಳು, ಆ ಶಿವರಾತ್ರಿ ನೀ ಗೆಣಸು ಕಾರಿಕೊಂಡಿ, ಎರಡ ದಿನ ಮೈ ಸುಡತಿತ್ತು, ನಿನ್ನ ಎಂಜಲಾ ಎಲ್ಲಾ ಶಶಿನೇ ತಿಂದಾ — ಅವಳು ತಟ್ಟನೆ ಕೇಳಿದಳು, ಹಚ್ಚಿದ ಮೇಲೆ ಎಷ್ಟು ದಿನಕ್ಕೆ ಕಾಣಿಸುತ್ತದೆ, ಎರಡು ವಾರದೊಳಗೆ ಬರುವುದಿಲ್ಲ, ಸಾಮಾನ್ಯವಾಗಿ ಒಂದು ತಿಂಗಳು, ಮೇಲೆ ಒಂದೆರಡು ವಾರವೂ ಆಗಬಹುದು ಎಂದರು ಡಾಕ್ಟರು. ಶಶಿಯ ಕಣ್ಣು ಹಳದಿಯಾದದ್ದು ಯುಗಾದಿಯಾಗಿ ಒಂದು ವಾರಕ್ಕೆ, ಬೇವು-ಬೆಲ್ಲದ ಬಟ್ಟಲು ಇನ್ನೂ ದೇವರ ಜಗುಲಿಯಲ್ಲಿತ್ತು, ಶಿವರಾತ್ರಿಯಿಂದ ಅಲ್ಲಿಗೆ ಐದು ವಾರ, ಸರಿಹೋಗುತ್ತದೆ, ಆದರೆ ಅಪ್ಪ ಬೇರೆ ಹೇಳಿದ್ದರಲ್ಲ, ಶಾಲೆಯ ಹೆಡ್‌ಮಾಸ್ತರ ಮಹಾದೇವಪ್ಪನವರು, ಮಗನ ನಾಲಿಗೆ ಕೆಂಪಾಗಿದ್ದುದನ್ನು ನೋಡಿ ಅಂದೇ ತೀರ್ಮಾನ ಮಾಡಿದ್ದರು, ಇದು ಶಾಲೆಯ ಮುಂದೆ ಗಾಡಿಯಲ್ಲಿ ಮಾರುವ ರಸೂಲಬಿಯ ಐಸ್‌ಗೋಲಾದಿಂದ ಬಂದ ರೋಗ, ಊರೂ ಹೌದೆಂದಿತ್ತು, ಅವಳೂ ಇಷ್ಟು ವರ್ಷ ಹೌದೆಂದೇ ನಂಬಿ ಯಲ್ಲೇಶನಿಗೆ ಒಂದು ಗೋಲಾ ಕೊಡಿಸಿದವಳಲ್ಲ.

ರಸೂಲಬಿ ಬೇಸಿಗೆಗೆ ಗಾಡಿ ತರುತ್ತಿದ್ದುದು ಯಾವಾಗಿನಿಂದ? ಇದೊಂದು ಗೊತ್ತಾದರೆ ಸಾಕು — ಫೋನ್ ತೆಗೆದಳು, ಗೋಪನಕೊಪ್ಪದಲ್ಲಿ ಶಶಿ ಊಟಕ್ಕೆ ಕೂತಿದ್ದ, ಬಾಯಲ್ಲಿ ತುತ್ತು, ಇದೇನ ಕೇಳಾಕತ್ತೀ ಈಗ ಎಂದ, ಹೇಳೋ ಅಣ್ಣಾ ಎಂದಳು, ಅವನು ನೆನಪಿಸಿಕೊಂಡು ಹೇಳಿದ, ಯುಗಾದಿ ದಿನಾನ ಹೂಡತಿದ್ದಳಲ್ಲ ಗಾಡಿ, ಅದಕಿಂತ ಮೊದಲ ಥಂಡ್ಯಾಗ ಐಸ್ ಯಾರ ತಿಂತಾರ, ಯಾಕ ಜಯಾ?

ಯುಗಾದಿಯ ದಿನ. ಒಂದು ವಾರ. ಒಂದು ವಾರದಲ್ಲಿ ಬರುವ ರೋಗವಲ್ಲ ಅದು — ತನ್ನಿಂದಲೇ ಶಶಿಗೆ ಹೋಯಿತೆಂದು ಯಾವ ಚೀಟಿಯೂ ಹೇಳುವುದಿಲ್ಲ, ಇಬ್ಬರಿಗೂ ಒಂದೇ ಕೊಡದ ನೀರಿನಿಂದ ಬಂದಿರಬಹುದು, ಆದರೆ ರಸೂಲಬಿಯಿಂದ ಅಲ್ಲ, ಇದೊಂದು ಖಚಿತ, ಜಯಾ, ಯಾಕ ಬೇಕಾತ ನಿನಗಿದು, ಶಶಿ ಕೇಳುತ್ತಿದ್ದಾನೆ, ಹೇಳಬೇಕು, ಎಲ್ಲಿಂದ ಹೇಳಬೇಕು, ಅಪ್ಪ ಒಳ್ಳೆಯವರು, ಯಾರಿಗೂ ಏರಿದ ದನಿಯಲ್ಲಿ ಮಾತಾಡಿದವರಲ್ಲ, ಅವತ್ತೂ ಮೆತ್ತಗೇ ಹೇಳಿದರು, ಐದು ವರ್ಷದ ಅವಳು ಅವರ ಬೆರಳು ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದಾಳೆ, ನಾಳಿಂದ ಈ ಸಾಲಿ ಮುಂದ ಗಾಡಿ ತರಬ್ಯಾಡ್ರಿ, ರಸೂಲಬಿ ಯಾರಿಗೋ ಮಂಜುಗಡ್ಡೆ ಹೆರೆದು ಆಗಷ್ಟೇ ಉಂಡೆ ಕಟ್ಟಿದ್ದಾಳೆ, ಬಣ್ಣ ಹಾಕಿದ್ದಾಳೆ, ಕೊಡಬೇಕಾದ ಹುಡುಗರು ಹಿಂದೆ ಸರಿದಿದ್ದಾರೆ, ನಾ ಏನ್ ಮಾಡೇನ್ರಿ ಮಾಸ್ತರ್ರ? ಅಪ್ಪ ಹುಡುಗರನ್ನು ಒಳಗೆ ಕಳಿಸುತ್ತಾರೆ. ರಸೂಲಬಿ ಕಾಯುತ್ತಾಳೆ. ಉಂಡೆಯನ್ನು ಎಲ್ಲಿಡಬೇಕೆಂದು ಅವಳಿಗೆ ಗೊತ್ತಿಲ್ಲ, ಕೆಳಗೆ ಹಾಕುವುದಿಲ್ಲ, ಅಂಗೈಯಲ್ಲೇ ಹಿಡಿದಿದ್ದಾಳೆ, ಕರಗುತ್ತಿದೆ, ಮಣಿಕಟ್ಟು ದಾಟಿ ಮೊಣಕೈವರೆಗೆ ಕೆಂಪು ನೀರು — ಹಲೋ, ಜಯಾ — ಚಾಚಿದ ಅಂಗೈ, ಅದರಲ್ಲಿ ಮಂಜು, ಚಾಚಿದ ಅಂಗೈ