ಮೂರು ರಾಜ, ನಾಲ್ಕು ಆಟೀನು

ತಿಪ್ಪೇರುದ್ರಪ್ಪ ಮಾಸ್ತರರು ತೀರಿಕೊಂಡದ್ದು ಎಪ್ಪತ್ತೈದರ ಬೇಸಿಗೆಯಲ್ಲಿ. ಗಣಾರಾಧನೆಯ ಊಟ ಮುಗಿಸಿ ಬಂಧುಗಳೆಲ್ಲ ಹೊರಟುಹೋದ ಮೇಲೆ ಕುರುಗೋಡಿನ ಮನೆಯಲ್ಲಿ ಉಳಿದವರು ಹೆಂಡತಿ ಚನ್ನವೀರಮ್ಮ ಮತ್ತು ಇಬ್ಬರು ಗಂಡುಮಕ್ಕಳು. ಹಂಚಿಕೊಳ್ಳಲು ಹೊಲವಿರಲಿಲ್ಲ. ಮನೆ ತಾಯಿಗೇ ಇರಲಿ ಎಂಬುದರಲ್ಲಿ ತಕರಾರಿರಲಿಲ್ಲ. ಜಗಳ ಬಂದದ್ದು ಮಾಸ್ತರರ ಪೇಟಿಗೆ. ಸುತ್ತಲ ಹಳ್ಳಿಗಳ ನಾಟಕಗಳಿಗೆ ಅವರು ಜೀವಮಾನವಿಡೀ ನುಡಿಸಿದ ಹಾರ್ಮೋನಿಯಂ ಅದು. ಅದನ್ನು ಸೀಳಿ ಕೊಡುವಂತಿರಲಿಲ್ಲ.

ಹಿರಿಯ ವಿರೂಪಾಕ್ಷಪ್ಪ ಅಪ್ಪನ ಮೊದಲ ಶಿಷ್ಯ. ಹದಿನೆಂಟಕ್ಕೇ ಇಡೀ ನಾಟಕ ಒಬ್ಬನೇ ನುಡಿಸುತ್ತಿದ್ದ. ಆಮೇಲೆ ಫೌಜಿಗೆ ಸೇರಿ ಹನ್ನೆರಡು ವರ್ಷ ಗಡಿಗಳಲ್ಲಿ ಕಳೆದು ಬಂದು, ಬಳ್ಳಾರಿಯ ಬ್ರೂಸ್‌ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಿದ್ದ. ಕಿರಿಯ ಕೊಟ್ರಬಸಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಪ್ಪನ ಕೈ ನಡುಗತೊಡಗಿದ ವರ್ಷಗಳಲ್ಲಿ ನಾಟಕಗಳಿಗೆ ಅಪ್ಪನ ಪಕ್ಕದಲ್ಲಿ ಕೂತು ನುಡಿಸಿದವನು ಅವನು.

"ನೀ ಅಲ್ಲಿ ಬಂದೂಕ ಹಿಡ್ಕೊಂಡು ನಿಂತಿದ್ದಿ, ಇಲ್ಲಿ ಅಪ್ಪನ ಕೈ ಆಗಿದ್ದಾಂವ ನಾ," ಎಂದ ಕೊಟ್ರಬಸಪ್ಪ.

"ಅಪ್ಪ ಪೇಟಿ ಮುಂದ ಮೊದಲು ಕುಂದರಿಸಿದ್ದು ನನ್ನ," ಎಂದ ವಿರೂಪಾಕ್ಷಪ್ಪ. ಅಂಗಡಿ ಮುಚ್ಚಿದ ಮೇಲೆ ಬಾಡಿಗೆ ಖೋಲಿಯಲ್ಲಿ ಒಬ್ಬನೇ ಕೂತಾಗ ಮಂಡಿಯ ಮೇಲೆ ಬೆರಳಾಡಿಸುತ್ತ ಇಲ್ಲದ ಪೇಟಿಯನ್ನು ನುಡಿಸುತ್ತಿದ್ದುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ತಾಯಿಗೆ ಸಾಕಾಗಿಹೋಯಿತು. "ನಿಮ್ಮಪ್ಪ ಇದ್ದಾಗ ನೀವು ಜಗಳಾಡಿದ್ರ ಇಸ್ಪೀಟ ಎಲಿ ಕೈಗೆ ಕೊಟ್ಟು, ಆಡಿ ತೀರಿಸ್ಕೊಳ್ರಿ ಅಂತಿದ್ದ. ಹಂಗರ ಮಾಡ್ರಿ. ನನ್ನ ಕಿವಿಗೆ ಮಾತ್ರ ಹಾಕಬ್ಯಾಡ್ರಿ," ಎಂದು ಒಳಗೆ ಹೋದಳು.

ಅವಳು ಸಿಟ್ಟಿನಿಂದ ಅಂದದ್ದು. ಇವರು ನಿಜಕ್ಕೂ ಕಟ್ಟು ತೆಗೆದರು. ಪಡಸಾಲೆಯಲ್ಲಿ ಚಾಪೆ ಹಾಸಿ ಎದುರುಬದುರು ಕೂತರು. ಆಟ ಫೌಜಿನಲ್ಲಿ ವಿರೂಪಾಕ್ಷಪ್ಪ ಕಲಿತು, ರಜೆಗೆ ಬಂದಾಗ ತಮ್ಮನಿಗೂ ಕಲಿಸಿದ್ದ ಐದೆಲೆಯ ಪೋಕರ್. ಪ್ರತಿಯೊಬ್ಬನಿಗೂ ಒಂದು ಎಲೆ ಮುಚ್ಚಿಟ್ಟು, ಉಳಿದ ನಾಲ್ಕು ಎಲ್ಲರಿಗೂ ಕಾಣುವಂತೆ ಬಿಚ್ಚಿಡಬೇಕು. ಒಂದೇ ಸುತ್ತು, ಗೆದ್ದವನಿಗೆ ಪೇಟಿ ಎಂದು ಮಾತಾಯಿತು.

ವಿರೂಪಾಕ್ಷಪ್ಪ ತನ್ನ ಮುಚ್ಚಿದ ಎಲೆಯ ಮೂಲೆ ಎತ್ತಿ ನೋಡಿದ. ಕಳಾವರ್ ರಾಜ. ಆಮೇಲೆ ಬಿಚ್ಚಿದ ಎಲೆಗಳಲ್ಲಿ ಇನ್ನೂ ಇಬ್ಬರು ರಾಜರು ಬಂದರು. ಮೂರು ರಾಜ! ಇಂಥ ಕೈ ಫೌಜಿನಲ್ಲೂ ಅವನಿಗೆ ಅಪರೂಪಕ್ಕೆ ಬಿದ್ದಿತ್ತು. ಆದರೆ ತಮ್ಮನ ಮುಂದೆ ಬಿಚ್ಚಿದ ಎಲೆಗಳೆಲ್ಲ ಕೆಂಪು ಕೆಂಪಾಗಿ ಬರತೊಡಗಿದವು. ಆಟೀನು ಐದು, ಆಟೀನು ಒಂಬತ್ತು, ಆಟೀನು ಗುಲಾಮ. ಕೊನೆಯ ಎಲೆಯೂ ಆಟೀನೇ, ಎರಡು. ಮುಚ್ಚಿದ್ದೂ ಆಟೀನಾಗಿದ್ದರೆ ಐದೂ ಒಂದೇ ಜಾತಿ; ಅದರ ಮುಂದೆ ಮೂರು ರಾಜರೂ ಸೋಲುತ್ತಾರೆ.

ಕೊಟ್ರಬಸಪ್ಪ ಮುಚ್ಚಿದ ಎಲೆಯ ಮೇಲೆ ಅಂಗೈ ಇಟ್ಟ.

"ಅಣ್ಣಾ, ಈಗ ಬಿಟ್ಟಿ ಅಂದ್ರ ಪೇಟಿ ನಂದು. ಆದ್ರ ಊರಿಗೆ ಬಂದಾಗೆಲ್ಲ ನೀನೂ ನುಡಸು, ನಾ ಬ್ಯಾಡ ಅನ್ನಂಗಿಲ್ಲ. ಎಲಿ ತೋರಸು ಅಂದ್ಯೋ, ಸೋತಾಂವ ಸಾಯೋತನ ಪೇಟಿ ಮುಟ್ಟಬಾರ್ದು. ಯಾರ ಪೇಟೀನೂ."

"ಇದೇನು ಮಾತು ಆಡ್ತೀಯಲೇ ಕೊಟ್ರಾ?"

"ಅಪ್ಪನ ಆಣಿ ಮಾಡಿ ಹೇಳಾಕತ್ತೀನಿ."

ವಿರೂಪಾಕ್ಷಪ್ಪನಿಗೆ ಲೆಕ್ಕ ಗೊತ್ತಿತ್ತು. ಉಳಿದ ಎಲೆಗಳಲ್ಲಿ ಐದಕ್ಕೊಂದು ಆಟೀನು ಇದ್ದೀತು, ಹೆಚ್ಚೇನಲ್ಲ. ಲೆಕ್ಕವನ್ನೇ ನಂಬುವುದಾದರೆ ತೋರಿಸು ಎನ್ನಬೇಕು. ಆದರೆ ಕೈಯಲ್ಲಿ ಏನೂ ಇಲ್ಲದವನು ಸತ್ತ ಅಪ್ಪನ ಮೇಲೆ ಇಂಥ ಆಣೆ ಹಾಕಿಯಾನೇ?

ಅವನು ತಮ್ಮನ ಮುಖ ನೋಡಿದ. ಊರು ಬಿಡುವಾಗ ಕೊಟ್ರ ಹನ್ನೆರಡರ ಹುಡುಗ. ಆ ಹುಡುಗನ ಸುಳ್ಳು, ಹಸಿವು, ಅಳು ಎಲ್ಲವನ್ನೂ ಇವನು ದೂರದಿಂದಲೇ ಹೇಳಬಲ್ಲವನಾಗಿದ್ದ. ಈಗ ಎದುರಿಗೆ ಕೂತವನಿಗೆ ಕುರುಚಲು ಗಡ್ಡ, ಹೊಟ್ಟಿನ ಧೂಳಿಗೆ ಕೆಂಪಾದ ಕಣ್ಣು. ಆ ಕಣ್ಣುಗಳು ನೆಟ್ಟಗೆ ಇವನನ್ನೇ ನೋಡುತ್ತಿದ್ದವು. ಅವುಗಳಲ್ಲಿ ಇರುವುದು ಧೈರ್ಯವೋ, ಹಟವೋ, ದುಃಖವೋ ಇವನಿಗೆ ತಿಳಿಯಲಿಲ್ಲ. ನನ್ನ ತಮ್ಮನೇ ನನಗೆ ಗುರುತಿಲ್ಲವಲ್ಲ ಎಂದುಕೊಂಡ.

ಗೆದ್ದರೆ ಕೊಟ್ರ ಮತ್ತೆಂದೂ ನುಡಿಸುವಂತಿಲ್ಲ ಎಂಬುದೂ ಹೊಳೆಯಿತು. ಆದರೆ ನಿಜ ಹೇಳಬೇಕೆಂದರೆ ಅವನಿಗೆ ಮೊದಲು ನೆನಪಾದದ್ದು ತನ್ನ ಬೆರಳುಗಳೇ. ಸೋತರೆ ಇವು ಏನು ಮಾಡಬೇಕು? ಗುಂಡುಗಳ ನಡುವೆ ಬದುಕಿ ಬಂದವನಿಗೆ ಆ ಚಾಪೆಯ ಮೇಲೆ ಹೆದರಿಕೆ ಹುಟ್ಟಿತು.

"ಬಿಟ್ಟೆ," ಎಂದ.

ಎಲೆಗಳನ್ನು ಒಟ್ಟುಮಾಡಲು ಹೋಗಿ ಅವನ ಮುಚ್ಚಿದ ಎಲೆ ಅಂಗಾತ ಬಿತ್ತು. ಕೊಟ್ರಬಸಪ್ಪ ಮೂರನೆಯ ರಾಜನನ್ನು ನೋಡಿದ. ಆಮೇಲೆ ತನ್ನ ಎಲೆಯನ್ನೂ ಮಗುಚಿದ. ಇಸ್ಪೀಟ್ ಮೂರು. ಅವನ ಕೈಯಲ್ಲಿ ಏನೂ ಇರಲಿಲ್ಲ.

"ನಿನಗ ಗೊತ್ತಿತ್ತು," ಎಂದ.

"ಇಲ್ಲೋ ತಮ್ಮಾ."

"ಮೂರು ರಾಜ ಇಟ್ಕೊಂಡು ಯಾವಾಂವ ಬಿಡ್ತಾನ? ಪಾಪ, ಮಿಲ್ಲಿನ್ಯಾಗ ಹೊಟ್ಟು ಹೊರೋ ತಮ್ಮ, ತಗೊಳ್ಳಲಿ ಅಂತ ಭಿಕ್ಷಾ ಹಾಕಿದ್ಯೇನು?"

"ಹೆದರಿದೆನಪಾ. ಖರೇವಂದ್ರೂ ಹೆದರಿದೆ."

"ಫೌಜಿನಾಂವ ಹೆದರಿದ್ದ! ಮುಂದಿನವನ ಕಣ್ಣಾಗ ಸುಳ್ಳು ಓದೂದು ಕಲಿಸಿದಾಂವ ನೀನ. ಈಗ ನನಗ ಹೇಳ್ತಿ?" ಅವನು ಎಲೆಗಳನ್ನು ಆಚೆ ತಳ್ಳಿದ. "ಸೋಲಿಸಿದ್ರ ಸೋಲ್ತಿದ್ದೆ. ಈಗ ನಾ ಹೆಂಗ ನುಡಸ್ಲಿ ಅದನ್ನ?"

ಹೆದರಿದೆ, ಹೆದರಿದೆ ಎಂದು ವಿರೂಪಾಕ್ಷಪ್ಪ ಎಷ್ಟು ಹೇಳಿದರೂ ಅದು ದೊಡ್ಡತನದ ಮಾತಾಗಿಯೇ ಕೇಳಿಸಿತು. ಒಳಗಿನಿಂದ ಬಂದ ತಾಯಿ ಇಬ್ಬರ ಮುಖ ನೋಡಿ ತಿರುಗಿ ಒಳಗೆ ಹೋದಳು. ಕೊಟ್ರಬಸಪ್ಪ ಪೇಟಿ ಮುಟ್ಟದೆ, ಇಳಿಹೊತ್ತಿನ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದ. ಗೆಲ್ಲದ್ದನ್ನು ಒಯ್ಯುವುದು ಹೇಗೆಂದು ವಿರೂಪಾಕ್ಷಪ್ಪನೂ ಅದನ್ನು ಬಳ್ಳಾರಿಗೆ ತರಲಿಲ್ಲ. ಪೇಟಿ ಕುರುಗೋಡಿನ ಮನೆಯಲ್ಲೇ ಉಳಿಯಿತು.

ಆಮೇಲೆ ಅಣ್ಣತಮ್ಮಂದಿರು ಸಿಕ್ಕಿದ್ದು ಮದುವೆಗಳಲ್ಲಿ, ತಾಯಿಯ ಮಣ್ಣಿನ ದಿನ. ಬಂದ್ಯಾ, ಬಂದೆ, ಊಟ ಆತೇನು, ಆತು, ಇಷ್ಟೇ ಮಾತು. ಯಾವ ನಾಟಕದವರು ಕರೆದರೂ ಕೊಟ್ರಬಸಪ್ಪ ಹೋಗುತ್ತಿಲ್ಲವಂತೆ ಎಂದು ಯಾರೋ ಅಂಗಡಿಗೆ ಬಂದಾಗ ಹೇಳಿದರು. ವಿರೂಪಾಕ್ಷಪ್ಪ ಎರಡು ಸಲ ಸಿರುಗುಪ್ಪದ ಬಸ್ಸು ಹತ್ತಿ, ಎರಡು ಸಲವೂ ನಡುದಾರಿಯಲ್ಲಿ ಇಳಿದು ವಾಪಸು ಬಂದ. ಹೋಗಿ ಹೇಳುವುದಕ್ಕೆ ಹೊಸದೇನೂ ಅವನ ಬಳಿ ಇರಲಿಲ್ಲ.

ಎಂಬತ್ಮೂರರ ಮಳೆಗಾಲದಲ್ಲಿ ಕೊಟ್ರಬಸಪ್ಪ ಕಾಮಾಲೆಯಿಂದ ಹೋದ. ಸುದ್ದಿ ಬರುವ ಹೊತ್ತಿಗೆ ಮುಖ ನೋಡುವ ಕಾಲವಷ್ಟೇ ಉಳಿದಿತ್ತು. ಆಗಲೂ ಆ ಮುಖದಲ್ಲಿ ಏನಿದೆಯೆಂದು ಅಣ್ಣನಿಗೆ ಓದಲಾಗಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ತಮ್ಮನ ಹೆಂಡತಿ ಗುರುಬಸಮ್ಮ ಬಾಗಿಲ ಬಳಿ ಬಂದು ನಿಂತಳು.

"ಭಾವಾರ, ನಿಮ್ಮಿಬ್ಬರ ನಡುವ ಏನಾಗಿತ್ರಿ? ಕೇಳಿದಾಗೆಲ್ಲ ಸುಮ್ಮನಾಗಿಬಿಡ್ತಿದ್ರು."

"ಒಂದಿನ ಎಲಿ ಆಡಾಕ ಕುಂತಿದ್ವಿ ತಂಗೆವ್ವಾ. ನಾ ಹೆದರಿಬಿಟ್ಟೆ. ಅಂವ ನಂಬಲಿಲ್ಲ."

ಗುರುಬಸಮ್ಮ ಹೊಸ್ತಿಲು ದಾಟಿ ಹೊರಗೆ ಬಂದಳು.

"ಅಷ್ಟ ಏನ್ರಿ?" ಎಂದಳು. ಸೆರಗಿನಿಂದ ಕಣ್ಣೊರಸಿಕೊಂಡಳು. "ಇನ್ನೊಂದ್ಸಲ ಬಂದು ಹೇಳಬೇಕಿತ್ರಿ. ಹೇಳಿದ್ರ ನಂಬತಿದ್ರೋ ಏನೋ."

ವಿರೂಪಾಕ್ಷಪ್ಪ ತಲೆಯಾಡಿಸಿದ. ಅವಳು ಒಳಗೆ ಹೋಗಿ ನೀರು ತಂದುಕೊಟ್ಟಳು. ಅವನು ಅದನ್ನು ಕುಡಿಯದೆ, ಮಿಲ್ಲಿನ ಕಡೆಯಿಂದ ಮಂದಿ ಬಂದು ಕೈಮುಗಿದು ಹೋಗುವುದನ್ನು ನೋಡುತ್ತ, ಕತ್ತಲಾಗುವ ತನಕ ಕಟ್ಟೆಯ ಮೇಲೆ ಕೂತಿದ್ದ.