ಅಂಚು ಮುರಿದ ಸೌಟು

ಬಣ್ಣದಕ್ಕನಿಗೂ ಎದುರಂಗಡಿಯ, ಮಾತಲ್ಲೇ ಜೇನು ಸುರಿಸುವ ಜೇನುಬಾಯಿ ಎಂಬವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇಬ್ಬರದೂ ಬಟ್ಟೆಗೆ ಬಣ್ಣ ಹಾಕುವ ಕಸುಬು. ಆದರೆ ದೊಡ್ಡ ಹೋಟೆಲೊಂದು ನಾನೂರು ನೀಲಿ ಪರದೆ ಕೇಳಿದಾಗ ಒಂದಾಗದೆ ವಿಧಿಯಿರಲಿಲ್ಲ. ಅವಳಲ್ಲಿ ಹಂಡೆಗಳಿದ್ದವು, ಅತ್ತೆ ಕಲಿಸಿದ ನೀಲಿ ಇತ್ತು, ಒಣಗಿಸಲು ಜಾಗವಿರಲಿಲ್ಲ. ಅವನಿಗೆ ಮೈದಾನದಂಥ ತಾರಸಿ ಇತ್ತು. ಸೇರಿ ಮಾಡಿದರು, ಇಬ್ಬರಿಗೂ ಹೊಸ ಗಿರಾಕಿಗಳು ಬಂದರು. ಮುಚ್ಚಿಡುವುದೇಕೆ, ಆ ಒಂದು ತಿಂಗಳು ಅವನು ಒಳ್ಳೆಯವನೆಂದೇ ಅವಳಿಗೆ ಅನ್ನಿಸಿತ್ತು.

ಹೋಟೆಲಿನವರು ಅದೇ ನೀಲಿಯಲ್ಲಿ ಇನ್ನೂ ಇನ್ನೂರು ಕೇಳಿದಾಗ ಅವನೊಬ್ಬನೇ ಹೋಗಿ ಆ ಕೆಲಸ ಹಿಡಿದ. ಅಕ್ಕನಿಗೆ ವಯಸ್ಸಾಯ್ತು, ಕೈ ನಡುಗುತ್ತೆ ಎಂದು ಮ್ಯಾನೇಜರಿಗೆ ಹೇಳಿದನಂತೆ. ಕೇಳಿ ಬಣ್ಣದಕ್ಕನ ಮೈಯೆಲ್ಲ ಉರಿಯಿತು. ಕೈ ನಡುಗುತ್ತಂತೆ, ಕೈ! ಜೊತೆಗಿದ್ದಾಗ ಅವನು ಹಂಡೆಯ ಆವಿಯಾಚೆ ನಿಂತು ಅವಳು ಹಾಕುವ ಸೌಟುಗಳನ್ನು ಎಣಿಸುತ್ತಿದ್ದದ್ದು ಆಗ ನೆನಪಾಯಿತು. ಹಂಡೆಗೆ ಮೂರು ಸೌಟು ನೀಲಿ, ಎಣಿಕೆ ಸರಿಯೇ. ಆದರೆ ಅತ್ತೆಯ ಕಾಲದಲ್ಲೇ ಆ ಸೌಟಿನ ಅಂಚು ಮುರಿದಿತ್ತು, ಅದರಲ್ಲಿ ನಿಲ್ಲುತ್ತಿದ್ದದ್ದು ಮುಕ್ಕಾಲು ಸೌಟು ಮಾತ್ರ. ಅದು ಆ ಕಳ್ಳಗಣ್ಣಿಗೆ ಬಿದ್ದಿರಲಿಲ್ಲ.

ವಾರದೊಳಗೆ ಅವನೇ ಮುಖ ಸಪ್ಪಗೆ ಮಾಡಿಕೊಂಡು ಬಂದ. ಐವತ್ತು ಪರದೆ ಕಡುನೀಲಿಯಾಗಿ ಕೂತಿವೆ, ಉಳಿದವನ್ನು ಮೂರೇ ದಿನದಲ್ಲಿ ಕೊಡಬೇಕು ಎಂದು ಗೋಳಾಡಿದ.

"ನಿಮ್ಮ ಸೌಟಲ್ಲೇ ಏನೋ ಗುಣ ಇದೆ ಅಕ್ಕಾ. ಒಂದು ದಿನಕ್ಕೆ ಕೊಡಿ, ನಾವೇನು ಬೇರೆಯವರಾ?"

"ನಾಳೆ ಬಾರಪ್ಪ, ತೊಳೆದಿಟ್ಟಿರ್ತೀನಿ."

ಅವನು ಹೋದದ್ದೇ ತಡ, ಸೌಟಿನ ತುಂಬ ನೀರು ಹಿಡಿದು ಗಾಜಿನ ಲೋಟಕ್ಕೆ ಸುರಿದು, ನೀರು ನಿಂತಲ್ಲಿ ಗೆರೆ ಎಳೆದಳು. ಇನ್ನು ಅಳತೆಗೆ ಲೋಟವೇ ಸಾಕು. ಆಮೇಲೆ ಬೆಸುಗೆಯವನ ಹತ್ತಿರ ಹೋಗಿ ಪೂರ್ತಿ ಸೌಟು ನಿಲ್ಲುವಂತೆ ಮುರಿದ ಅಂಚಿಗೆ ತಗಡು ಹಾಕಿಸಿಕೊಂಡು ಬಂದಳು. ಹೊಸ ಹೊಳಪು ಕಾಣದಂತೆ ನೀಲಿ ಸವರಿದಳು. ಜೊತೆಗೆ ಕೆಲಸ ಮಾಡುವ ತಂಗಿ ಮಾತ್ರ ಬೇಡ ಅಂದಳು. ಅವನು ಮುಳುಗಿದರೆ ಆ ತಾರಸಿಯೂ ನಮಗಿಲ್ಲ ಅಂದಳು. ಬಣ್ಣದಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ.

ಜೇನುಬಾಯಿ ಸೌಟನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಅವಸರದಲ್ಲಿ ಒಂದು ಚೂರು ಬಟ್ಟೆಯನ್ನೂ ಅದ್ದಿ ನೋಡದೆ ಉಳಿದ ನೂರೈವತ್ತನ್ನೂ ಹಂಡೆಗೆ ಇಳಿಸಿದ. ಮೂರನೆಯ ದಿನ ತಾರಸಿಯ ತುಂಬ ಕಡುನೀಲಿ ಹಾರಾಡುತ್ತಿತ್ತು. ಕೆಳಗೆ ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಬಣ್ಣದಕ್ಕನ ಹೊಟ್ಟೆ ತಣ್ಣಗಾಯಿತು.

ಮ್ಯಾನೇಜರ್ ಅವನನ್ನು ಬೈದು ನೇರ ಅವಳ ಬಾಗಿಲಿಗೆ ಬಂದ. ಇನ್ನೂರು ಪರದೆ, ಆ ಹಳೆಯ ನೀಲಿ, ನಾಲ್ಕು ದಿನ, ಆಗುತ್ತಾ ಎಂದು ಕೇಳಿದ. ಗೆರೆ ಎಳೆದ ಲೋಟ ಅವಳ ಕಣ್ಣೆದುರಿಗೇ ಇತ್ತು. ಹಿತ್ತಲಿನ ಹಗ್ಗದಲ್ಲಿ ಎಂಟು ಪರದೆಗೆ ಮಾತ್ರ ಜಾಗವಿತ್ತು. ಎದುರುಗಡೆ ಜೇನುಬಾಯಿ ಅವಳನ್ನೇ ನೋಡುತ್ತ ತಾರಸಿಯ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದ.

"ಆಗಲ್ಲ ಸ್ವಾಮಿ," ಎಂದಳು.

ಮ್ಯಾನೇಜರ್ ಬೇರೆ ಊರಿನವರನ್ನು ಹುಡುಕಿಕೊಂಡು ಹೊರಟ. ಅವನು ತಿರುವು ದಾಟುವವರೆಗೂ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ತಂಗಿ ಕಣ್ಣೊರೆಸಿಕೊಂಡಳು.

"ಆ ಜೇನುಬಾಯಿ ಮುಖ ನೋಡಿದ್ಯೇನೇ?" ಎಂದಳು ಬಣ್ಣದಕ್ಕ, ಮತ್ತು ಹಂಡೆಯ ಒಲೆ ಆರಿಸಲು ಒಳಗೆ ಹೋದಳು.