ಬರೀ ಹಳದಿ

ವಿದ್ಯಾಗಿರಿಯ ಕಾಲೇಜಿನಲ್ಲಿ ಚಿತ್ರಕಲೆಯ ಉಪನ್ಯಾಸ. ಮೊಮ್ಮಗಳು ಜಯಶ್ರೀ ಜೊತೆ ಶಿರೂರಿನಿಂದ ಬಂದಿದ್ದ ಸತ್ಯವ್ವ ಆಗಲೇ ಸಿಡಿಮಿಡಿಗೊಂಡಿದ್ದಳು. ಪರದೆಯ ಮೇಲೆ ಈಗಿನ ಕಾಲದ ಚಿತ್ರವೊಂದು ಬಂತು; ಅಂಚಿನಿಂದ ಅಂಚಿಗೆ ಬರೀ ಹಳದಿ.

"ಗ್ವಾಡಿಗೆ ಬಣ್ಣ ಹಚ್ಚಿದಾಂಗ ಐತಿ. ಇದಕ್ಯಾಕ ಇಷ್ಟು ಮಾತು?" ಎಂದು ಗೊಣಗಿದಳು.

ಆಮೇಲೆ ರಷ್ಯಾದ ಹಳೆಯ ಚರ್ಚಿನ ದೇವರಪಟ ಬಂತು. ಸಂತನ ಹಿಂದೆ ಮನೆಯಿಲ್ಲ, ಮರವಿಲ್ಲ, ಬರೀ ಬಂಗಾರದ ಬಣ್ಣ.

"ಹಿಂದೆ ಏನೂ ಯಾಕೆ ಬರೆದಿಲ್ಲ?" ಉಪನ್ಯಾಸಕರು ಕೇಳಿದರು.

ಸತ್ಯವ್ವ ಎದ್ದಳು. "ನಮ್ಮ ಬೀರಪ್ಪ ದೇವರ ಪಲ್ಲಕ್ಕಿ ಮ್ಯಾಲ ಭಂಡಾರದ ಹಳದಿ ಅರಿಷಿಣ ಹಾರಿಸಿದಾಗ ಗುಡಿ ಕಾಣಂಗಿಲ್ಲ, ಮಂದಿ ಕಾಣಂಗಿಲ್ರಿ. ಅಂವ ಒಬ್ಬಾವನ ಉಳಿತಾನ."

ಕೂರಲು ಹೊರಟವಳು ತಡೆದು ನಿಂತಳು.

"ಸರ, ಆ ಮದ್ಲಿನ ಹಳದಿ ಇನ್ನೊಮ್ಮೆ ತೋರಸ್ರಿ," ಎಂದವಳು ಮೆಲ್ಲನೆ ಚಪ್ಪಲಿ ಕಳಚಿಟ್ಟಳು.